ನೆಲದಡಿ 660 ಕಿಲೋಮೀಟರ್ ಆಳದ ಕಲ್ಲನ್ನು ಲ್ಯಾಬಿನಲ್ಲಿ ಹೇಗೆ ಮಾಡುತ್ತಾರೆ?

ಅಂಧೇರಿ ಫಾಸ್ಟ್, ಮುಂಬೈ

ಎಲ್ಲರಿಗೂ ನಮಸ್ಕಾರ. ನಮ್ಮ ಬಿಲ್ಡಿಂಗಿನ ಗ್ರೂಪಿನಲ್ಲಿ ಮತ್ತೆ ಅದೇ ಫಾರ್ವರ್ಡ್ ಬಂದಿದೆ. ನೆಲದಡಿ 700 ಕಿಲೋಮೀಟರ್ ಆಳದಲ್ಲಿ ಮಹಾಸಾಗರ ಸಿಕ್ಕಿದೆಯಂತೆ, ಮೇಲಿನ ಎಲ್ಲ ಸಮುದ್ರ ಸೇರಿದರೂ ಅದರ ಮೂರನೇ ಒಂದು ಪಾಲಂತೆ. ಜೊತೆಗೆ ನೀಲಿ ನೀರು ತುಂಬಿದ ಗುಹೆಯ ಚಿತ್ರ ಬೇರೆ.

ಮನುಷ್ಯ ಕೊರೆದ ಅತಿ ಆಳದ ತೂತು ರಷ್ಯಾದ ಕೋಲಾದಲ್ಲಿ, 12,262 ಮೀಟರ್. ನಮ್ಮ ಕೊಯ್ನಾ ಹತ್ತಿರ ಭೂಕಂಪದ ಅಧ್ಯಯನಕ್ಕೆ ಅಂತ ಕೊರೆದದ್ದು 3 ಕಿಲೋಮೀಟರ್. ಹಾಗಿದ್ದ ಮೇಲೆ 700 ಕಿಲೋಮೀಟರ್ ಕೆಳಗೆ ಏನಿದೆ ಅಂತ ಇವರಿಗೆ ಹೇಗೆ ಗೊತ್ತು ಮಾರಾಯ್ರೆ? ತಮಾಷೆಗೆ ಕೇಳುತ್ತಿಲ್ಲ. ಇಲ್ಲಿ ಕಲ್ಲಿನ ಮೇಲೆ ಕೆಲಸ ಮಾಡುವವರು ಯಾರೋ ಇದ್ದಾರೆ ಅಂತ ನೆನಪು.

ವಾಸ್ಕೋ ಮೇಷ್ಟ್ರು, ಗೋವಾ

ಮೊದಲ ಅರ್ಧ ನಾನು ಹೇಳುತ್ತೇನೆ, ಉಳಿದದ್ದಕ್ಕೆ ಪುಣೆಯ ತಂಗಿ ಬರಲಿ.

ಹಲಸಿನ ಹಣ್ಣನ್ನು ಕೊಯ್ಯುವ ಮುಂಚೆ ತಟ್ಟಿ ನೋಡುತ್ತೇವಲ್ಲ, ಭೂಕಂಪ ಆದಾಗ ಭೂಮಿಯನ್ನು ಯಾರೋ ಹಾಗೆ ತಟ್ಟಿದಂತೆ. ಅಲೆ ಒಳಗೆಲ್ಲ ಹಾದು ದೂರದ ಊರಲ್ಲಿ ಮೇಲೆ ಬರುತ್ತದೆ. ಎಲ್ಲಿಗೆ ಎಷ್ಟು ಹೊತ್ತಿಗೆ ಬಂತು ಎಂದು ನೂರಾರು ಕಡೆ ಬರೆದಿಟ್ಟರೆ ಯಾವ ಆಳದಲ್ಲಿ ಎಷ್ಟು ವೇಗ ಎಂದು ಲೆಕ್ಕ ಹಾಕಬಹುದು. 1981ರಲ್ಲಿ ಜೀವೊನ್‌ಸ್ಕಿ ಮತ್ತು ಆಂಡರ್ಸನ್ ಎಂಬಿಬ್ಬರು ಈ ಲೆಕ್ಕವನ್ನೆಲ್ಲ ಒಟ್ಟು ಮಾಡಿ ಒಂದು ಕೋಷ್ಟಕ ಕೊಟ್ಟರು. ಇವತ್ತಿಗೂ ಜನ ಅದನ್ನೇ ಹಿಡಿದು ಮಾತಾಡುತ್ತಾರೆ.

ಅದರಲ್ಲಿ 670 ಕಿಲೋಮೀಟರ್ ಹತ್ತಿರ ಒಂದು ಮೆಟ್ಟಿಲು ಇದೆ. ಮೇಲೆ ಸೆಕೆಂಡಿಗೆ 10.27 ಕಿಲೋಮೀಟರ್ ಓಡುತ್ತಿದ್ದ ಅಲೆ ಅದನ್ನು ದಾಟಿದ ಕೂಡಲೇ 10.75. ಸಾಂದ್ರತೆಯೂ 3.99ರಿಂದ 4.38ಕ್ಕೆ ಜಿಗಿಯುತ್ತದೆ. ಈಗ ಸಾಮಾನ್ಯವಾಗಿ 660 ಎನ್ನುತ್ತಾರೆ. 400ರ ಆಸುಪಾಸಿನಲ್ಲೂ ಒಂದು ಚಿಕ್ಕ ಮೆಟ್ಟಿಲು ಇದೆ. ಆದರೆ ವೇಗ ಗೊತ್ತಾದ ಮಾತ್ರಕ್ಕೆ ಕಲ್ಲು ಯಾವುದು ಅಂತ ಗೊತ್ತಾಗುವುದಿಲ್ಲ. ಅಲ್ಲಿಂದ ಮುಂದೆ ನನ್ನ ಕೈಲಾಗದು.

ಒತ್ತುಗಲ್ಲು, ಪುಣೆ

ಮೇಷ್ಟ್ರು ಕರೆದ ಮೇಲೆ ಬರದೆ ಇರಲಾಗುತ್ತದೆಯೇ.

ಕಲ್ಲು ಯಾವುದು ಎಂದು ತಿಳಿಯಬೇಕಾದರೆ ಅಲ್ಲಿನ ಒತ್ತಡ, ಅಲ್ಲಿನ ಬಿಸಿ ಎರಡನ್ನೂ ಇಲ್ಲೇ ಹುಟ್ಟಿಸಬೇಕು. ಅದರಲ್ಲಿ ಕಲ್ಲಿಟ್ಟು ಏನಾಗುತ್ತದೆ ನೋಡಬೇಕು. ಆ ಹೊಸ ಕಲ್ಲಿನೊಳಗೆ ಶಬ್ದ ಎಷ್ಟು ವೇಗವಾಗಿ ಹೋಗುತ್ತದೆ ಎಂದು ಅಳೆದು ಮೇಷ್ಟ್ರ ಕೋಷ್ಟಕದ ಪಕ್ಕ ಇಡಬೇಕು.

ಭೂಮಿಯ ಹೊರಚಿಪ್ಪಿಗೂ ನಡುವಿನ ತಿರುಳಿಗೂ ಮಧ್ಯೆ ಇರುವ ಕಲ್ಲಿನ ದಪ್ಪ ಪದರವೇ ಮ್ಯಾಂಟಲ್. ಮೇಲಿನ ಮ್ಯಾಂಟಲ್‌ನಲ್ಲಿ ಜಾಸ್ತಿ ಇರುವುದು ಆಲಿವಿನ್ ಎಂಬ ಹಸಿರು ಹರಳು. ಮೆಗ್ನೀಸಿಯಂ, ಕಬ್ಬಿಣ, ಸಿಲಿಕಾನ್, ಆಕ್ಸಿಜನ್ ಸೇರಿ ಆದದ್ದು. ಇದನ್ನು ಸುಮಾರು 14 ಗಿಗಾಪಾಸ್ಕಲ್ ಒತ್ತಡದಲ್ಲಿಟ್ಟು 1,400 ಡಿಗ್ರಿ ಸುತ್ತಮುತ್ತ ಕಾಯಿಸಿದರೆ ಪರಮಾಣುಗಳ ಜೋಡಣೆ ಬದಲಾಗಿ ವಾಡ್ಸ್ಲಿಯೈಟ್ ಆಗುತ್ತದೆ. 410 ಕಿಲೋಮೀಟರ್‌ನ ಮೆಟ್ಟಿಲು ಅದೇ. ಇನ್ನೂ ಒತ್ತಿದರೆ, 520ರ ಸುಮಾರಿನ ಆಳಕ್ಕೆ, ರಿಂಗ್‌ವುಡೈಟ್. ಒತ್ತಡ 23 ಗಿಗಾಪಾಸ್ಕಲ್ ದಾಟುವ ಹೊತ್ತಿಗೆ ರಿಂಗ್‌ವುಡೈಟ್ ಒಡೆದು ಬ್ರಿಡ್ಜ್‌ಮನೈಟ್ ಮತ್ತು ಫೆರೋಪೆರಿಕ್ಲೇಸ್ ಎಂಬ ಎರಡು ಖನಿಜಗಳಾಗುತ್ತದೆ. ಅದು 660. ಒಂದು ಗಿಗಾಪಾಸ್ಕಲ್ ಎಂದರೆ ನಮ್ಮ ತಲೆ ಮೇಲಿನ ಗಾಳಿಯ ಒತ್ತಡದ ಸುಮಾರು 10,000 ಪಟ್ಟು. ಅಂದರೆ 660ರಲ್ಲಿ ಎರಡೂಕಾಲು ಲಕ್ಷ ಪಟ್ಟಿಗಿಂತ ಜಾಸ್ತಿ.

ನಾನು ಕೆಲಸ ಕಲಿತದ್ದು ಹೊರದೇಶದ ಒಂದು ಲ್ಯಾಬಿನಲ್ಲಿ, ಮಲ್ಟಿ ಆನ್ವಿಲ್ ಪ್ರೆಸ್ ಮೇಲೆ. ಅದರ ಈಗಿನ ರೂಪ 1970ರಲ್ಲಿ ಜಪಾನಿನ ಕವಾಯ್ ಮತ್ತು ಎಂಡೋ ಕೊಟ್ಟದ್ದು. ಎಂಟು ಟಂಗ್‌ಸ್ಟನ್ ಕಾರ್ಬೈಡ್ ಘನಗಳು, ಪ್ರತಿಯೊಂದರ ಒಂದು ಮೂಲೆಯನ್ನು ಸವೆಸಿ ತ್ರಿಕೋನ ಮಾಡಿರುತ್ತಾರೆ. ಎಂಟನ್ನೂ ಕೂಡಿಸಿದರೆ ನಟ್ಟನಡುವೆ ಎಂಟು ಮುಖದ ಖಾಲಿ ಜಾಗ ಉಳಿಯುತ್ತದೆ. ಅಲ್ಲಿ ಅದೇ ಆಕಾರದ ಮೆಗ್ನೀಸಿಯಂ ಆಕ್ಸೈಡ್ ಗಟ್ಟಿಯೊಂದು ಕೂರುತ್ತದೆ. ಅದಕ್ಕೆ ತೂತು ಕೊರೆದು ಒಳಗೆ ಒಲೆ ಇಡುತ್ತೇವೆ. ಒಲೆ ಎಂದರೆ ರೀನಿಯಂ ತಗಡಿನ ಅಥವಾ ಲ್ಯಾಂಥನಂ ಕ್ರೋಮೈಟ್‌ನ ಕೊಳವೆ. ಅದರೊಳಗೆ ಪ್ಲಾಟಿನಂ ಕ್ಯಾಪ್ಸೂಲ್, ಕ್ಯಾಪ್ಸೂಲಿನಲ್ಲಿ ಒಂದೆರಡು ಮಿಲಿಮೀಟರ್ ತುಂಬುವಷ್ಟು ಕಲ್ಲಿನ ಪುಡಿ. ಪಕ್ಕದಲ್ಲಿ ಬಿಸಿ ಅಳೆಯುವ ಟಂಗ್‌ಸ್ಟನ್-ರೀನಿಯಂ ಥರ್ಮೋಕಪಲ್ ತಂತಿ.

ಘನಗಳ ನಡುವಿನ ಸಂದಿಗೆ ಗ್ಯಾಸ್ಕೆಟ್ ಆಗಿ ಪೈರೋಫಿಲೈಟ್ ಎಂಬ ಕಲ್ಲಿನ ಪಟ್ಟಿ ಅಂಟಿಸುತ್ತೇವೆ. ಇದು ನಮ್ಮ ಬಳಪದ ಕಲ್ಲಿನ ನೆಂಟ. ಬೇಲೂರು, ಹಳೇಬೀಡಿನಲ್ಲಿ ಅಷ್ಟು ನಾಜೂಕಿನ ಕೆತ್ತನೆ ಸಾಧ್ಯವಾದದ್ದು ಆ ಕಲ್ಲು ಮೆದು ಇದ್ದದ್ದರಿಂದ. ಇಲ್ಲೂ ಆ ಮೆದುತನವೇ ಬೇಕು. ಒತ್ತಿದಾಗ ಸ್ವಲ್ಪ ಹಿಸುಕಿಕೊಂಡು ಹೊರಬರಬೇಕು, ಆಮೇಲೆ ಬಿಗಿಯಾಗಿ ಹಿಡಿದು ನಿಲ್ಲಬೇಕು.

ಒತ್ತಡ ಏರಿಸಲು ಕೆಲವು ಗಂಟೆ ಬೇಕು. ಕಾಯಿಸುವುದು ಕೆಲವೊಮ್ಮೆ ಅರ್ಧ ಗಂಟೆ, ಕೆಲವೊಮ್ಮೆ ಇಡೀ ದಿನ. ಆಮೇಲೆ ಕರೆಂಟ್ ತೆಗೆದರೆ ಕೆಲವೇ ಸೆಕೆಂಡಿನಲ್ಲಿ ತಣ್ಣಗೆ. ಬಿಸಿಯಲ್ಲಿ ಆದ ಜೋಡಣೆ ಹಾಗೇ ಸಿಕ್ಕಿಕೊಳ್ಳಲು ಆ ವೇಗ ಬೇಕೇ ಬೇಕು. ಒತ್ತಡ ಇಳಿಸುವುದು ಮಾತ್ರ ನಿಧಾನ, ರಾತ್ರಿಯಿಡೀ ನಡೆಯುತ್ತದೆ. ಪ್ರೆಸ್ ಸಿಡಿಯುವುದು ಜಾಸ್ತಿ ಇಳಿಸುವಾಗಲೇ. ಗ್ಯಾಸ್ಕೆಟ್ ಒಂದು ಕಡೆ ಕೈಕೊಟ್ಟಿತು ಅನ್ನಿ, ಢಮ್ ಎಂದು ನೆಲ ಅದುರುತ್ತದೆ. ಬೆಳಿಗ್ಗೆ ಬಂದು ತೆರೆದರೆ ದುಬಾರಿ ಘನಗಳು ಚೂರು ಚೂರು. ಕ್ಯಾಪ್ಸೂಲ್ ಸಿಕ್ಕರೆ ಪುಣ್ಯ.

ಸಾಗರದ ವಿಷಯ ಆಮೇಲೆ ಬರೆಯುತ್ತೇನೆ, ಅದಕ್ಕೆ ಬೇರೆ ಕತೆ ಇದೆ.

ಭೋಸರಿ ಟೂಲ್‌ರೂಮ್, ಪುಣೆ

ಅಕ್ಕಾವರೇ ನಮಸ್ಕಾರ ರೀ. ನಾನು ಬೆಳಗಾವಿಯವನು, ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟೂಲ್‌ರೂಮ್ ನೋಡಿಕೊಳ್ಳುತ್ತೇನೆ. ಪ್ರೆಸ್ ಎಂದ ಕೂಡಲೇ ಕಿವಿ ನೆಟ್ಟಗಾದವು. ಎಷ್ಟು ಟನ್ನಿನ ಪ್ರೆಸ್ ಅದು? ಚಾಕಣ್ ಕಡೆ ಕಾರಿನ ಬಾಡಿ ಒತ್ತುವ ಪ್ರೆಸ್‌ಗಳು 1,000 ಟನ್ ದಾಟಿದವು ಇವೆ. ಅದರಲ್ಲಿ ಮ್ಯಾಂಟಲ್ ಆಗುವುದಿಲ್ಲವಾ?

ಮತ್ತೆ ಕಾರ್ಬೈಡ್ ಯಾವ ಗ್ರೇಡ್ ಹಾಕುತ್ತೀರಿ? ನಾವು ಡೈ ಇನ್ಸರ್ಟ್‌ಗೆ ಕೋಬಾಲ್ಟ್ ಜಾಸ್ತಿ ಇರುವುದನ್ನು ಹಾಕುತ್ತೇವೆ, ಏಟು ತಡೆಯಲಿ ಅಂತ.

ಒತ್ತುಗಲ್ಲು, ಪುಣೆ

ಟೂಲ್‌ರೂಮ್ ಅಣ್ಣ, ನಿಮ್ಮಂಥವರು ಕೇಳಿದರೆ ಉತ್ತರ ಹೇಳಲು ಖುಷಿ.

ಪ್ರೆಸ್ ನಿಮ್ಮದೇ ಅಳತೆಯದು. ಲ್ಯಾಬುಗಳಲ್ಲಿ 1,000 ಟನ್ ಸಾಮಾನ್ಯ, ಜರ್ಮನಿಯ ಬೈರಾಯ್ಟ್‌ನಲ್ಲಿ 5,000 ಟನ್ನಿನದ್ದೂ ಇದೆ. ಆ ಟನ್ ಎಷ್ಟು ಜಾಗದ ಮೇಲೆ ಬೀಳುತ್ತದೆ ಅನ್ನುವುದರಲ್ಲಿ ಎಲ್ಲ ಇದೆ. ನಾವು ಅಸೆಂಬ್ಲಿಯನ್ನು 18/11, 14/8, 10/5 ಎಂದು ಕರೆಯುತ್ತೇವೆ. ಮೊದಲ ಅಂಕಿ ಎಂಟು ಮುಖದ ಗಟ್ಟಿಯ ಅಂಚು, ಮಿಲಿಮೀಟರ್‌ನಲ್ಲಿ. ಎರಡನೆಯದು ಘನದ ಮೂಲೆ ಸವೆಸಿದ ತ್ರಿಕೋನದ ಅಂಚು. 18/11ರಲ್ಲಿ 10 ಗಿಗಾಪಾಸ್ಕಲ್ ಹತ್ತಿರ ಹೋಗಬಹುದು. 10/5ಕ್ಕೆ ಇಳಿದರೆ 20 ದಾಟಬಹುದು. ಒತ್ತಡ ಏರಿದಷ್ಟೂ ಕಲ್ಲು ಚಿಕ್ಕದಾಗುತ್ತಾ ಹೋಗುತ್ತದೆ, ಏನೂ ಮಾಡುವ ಹಾಗಿಲ್ಲ.

ಕಾರ್ಬೈಡ್ ವಿಷಯದಲ್ಲಿ ನಿಮ್ಮ ಪದ್ಧತಿಗೆ ಉಲ್ಟಾ. ಇಲ್ಲಿ ಏಟು ಬೀಳುವುದಿಲ್ಲ, ನಿಧಾನವಾಗಿ ಒತ್ತುತ್ತೇವೆ. ಹಾಗಾಗಿ ಕೋಬಾಲ್ಟ್ ಕಡಿಮೆ, ಗಡಸು ಜಾಸ್ತಿ ಇರುವ ಗ್ರೇಡ್ ಬೇಕು. ಇಲ್ಲದಿದ್ದರೆ ಮೂಲೆ ಮೆತ್ತಗಾಗಿ ಹರಡಿಕೊಳ್ಳುತ್ತದೆ.

ಈಗ ನೀವೊಂದು ಲೆಕ್ಕ ಹಾಕಿ. ಇನ್ನೊಂದು ಉಪಕರಣ ಇದೆ, ಡೈಮಂಡ್ ಆನ್ವಿಲ್ ಸೆಲ್. ಎರಡು ವಜ್ರ, ತುದಿಗೆ ತುದಿ ಎದುರುಬದುರು. ತುದಿಯನ್ನು ಚಪ್ಪಟೆ ಮಾಡಿರುತ್ತಾರೆ, ಅಗಲ 0.1 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಅದರ ಮೇಲೆ 80 ಕಿಲೋ ಭಾರ ಬಿತ್ತು. ಒತ್ತಡ ಎಷ್ಟು?

ಭೋಸರಿ ಟೂಲ್‌ರೂಮ್, ಪುಣೆ

ವ್ಯಾಸ 0.1 ಅಂದರೆ 0.00785 ಚದರ ಮಿಲಿಮೀಟರ್. 80 ಕಿಲೋ ಅಂದರೆ 785 ನ್ಯೂಟನ್. ಚದರ ಮಿಲಿಮೀಟರಿಗೆ 1 ಲಕ್ಷ ನ್ಯೂಟನ್. ಅಂದರೆ 100 ಗಿಗಾಪಾಸ್ಕಲ್!

ನನ್ನ ಭಾರವೇ ಸಾಕಲ್ಲರೀ. 1,000 ಟನ್ನಿನ ಪ್ರೆಸ್ ಯಾಕೆ ಮತ್ತೆ?

ಒತ್ತುಗಲ್ಲು, ಪುಣೆ

ಲೆಕ್ಕ ಸರಿ. ನಿಜದಲ್ಲಿ ಗ್ಯಾಸ್ಕೆಟ್ ಸ್ವಲ್ಪ ಭಾರ ನುಂಗುತ್ತದೆ, ಆದರೂ ಅಲೆನ್ ಕೀ ಹಿಡಿದು ನಾಲ್ಕು ಸ್ಕ್ರೂ ತಿರುಗಿಸಿದರೆ ಸಾಕು. 100 ಗಿಗಾಪಾಸ್ಕಲ್ ಎಂದರೆ 2,200 ಕಿಲೋಮೀಟರ್ ದಾಟಿದ ಆಳ. ಮ್ಯಾಂಟಲ್ ಮುಗಿದು ತಿರುಳು ಶುರುವಾಗುವುದು 2,890 ಕಿಲೋಮೀಟರ್‌ನಲ್ಲಿ, 136 ಗಿಗಾಪಾಸ್ಕಲ್. ಡೈಮಂಡ್ ಸೆಲ್ ಅಂಗೈಯಲ್ಲಿ ಹಿಡಿಯುವಷ್ಟು, ಜೇಬಿನಲ್ಲಿ ಇಟ್ಟುಕೊಂಡು ಲೋಕಲ್ ಹತ್ತಬಹುದು.

ಪ್ರೆಸ್ ಯಾಕೆ ಅಂದರೆ ಸೆಲ್‌ನಲ್ಲಿ ಸಿಗುವ ಕಲ್ಲು ಕಣ್ಣಿಗೇ ಕಾಣುವುದಿಲ್ಲ. ಪ್ರೆಸ್‌ನಲ್ಲಾದರೆ ಹರಳು ಬೆಳೆಸಿ, ಹೊಳಪು ಕೊಟ್ಟು, ಶಬ್ದದ ವೇಗ ಅಳೆದು, ನೀರಿನ ಅಂಶ ನೋಡಿ, ವಿದ್ಯುತ್ ಹರಿಸಿ ಎಲ್ಲ ಮಾಡಬಹುದು. ಬಿಸಿಯೂ ಎಲ್ಲ ಕಡೆ ಹೆಚ್ಚುಕಡಿಮೆ ಸಮ ಇರುತ್ತದೆ.

ವಜ್ರದ ಗುಮಾಸ್ತ, ಬಾಂದ್ರಾ

ನಾನು ಬಿಕೆಸಿಯ ಡೈಮಂಡ್ ಬೋರ್ಸ್‌ನಲ್ಲಿ ಅಸಾರ್ಟಿಂಗ್, ಅಂದರೆ ವಜ್ರ ವಿಂಗಡಿಸುವ ಕೆಲಸ ಮಾಡುವವನು. ಊರು ಕುಂದಾಪುರ ಕಡೆ. ಇಡೀ ದಿನ ಲೂಪ್ ಕಣ್ಣಿಗಿಟ್ಟುಕೊಂಡು ಕೂರುವ ಕೆಲಸ. ವಜ್ರದ ತುದಿ, ಕ್ಯೂಲೆಟ್ ಅನ್ನುತ್ತೇವೆ, ಚಪ್ಪಟೆ ಇದ್ದರೆ ನಮ್ಮಲ್ಲಿ ಗಿರಾಕಿ ಮೂಗು ಮುರಿಯುತ್ತಾನೆ. ಮೇಲಿಂದ ನೋಡಿದರೆ ನಡುವೆ ತೂತು ಕಂಡಹಾಗೆ ಇರುತ್ತದೆ. ನೀವು ಬೇಕಂತಲೇ ಚಪ್ಪಟೆ ಮಾಡಿಸುತ್ತೀರಿ ಅಂದರೆ ವಿಚಿತ್ರ ಮಾರಾಯ್ರೆ. ಎಷ್ಟು ಕ್ಯಾರೆಟ್? ಕಪ್ಪು ಚುಕ್ಕೆ ಇದ್ದರೆ ನಡೆಯುತ್ತದಾ? ಒಡೆದರೆ ಯಾರು ಕೊಡುತ್ತಾರೆ?

ಒತ್ತುಗಲ್ಲು, ಪುಣೆ

ಸಾಮಾನ್ಯವಾಗಿ ಕಾಲಿಂದ ಮೂರನೇ ಒಂದು ಕ್ಯಾರೆಟ್. ಚುಕ್ಕೆ, ಗೆರೆ ಏನೂ ಇರಬಾರದು, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಒಡೆದರೆ ಲ್ಯಾಬಿನ ಬಜೆಟ್ ಕೊಡುತ್ತದೆ, ಮತ್ತು ಗೈಡ್ ಒಂದು ವಾರ ಮಾತಾಡುವುದಿಲ್ಲ.

ನಿಮಗೆ ಇಷ್ಟವಾಗುವ ಸಂಗತಿ ಒಂದಿದೆ. ಈ ಸೆಲ್ ಹುಟ್ಟಿದ್ದು 1958ರಲ್ಲಿ, ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ. ವಾನ್ ವಾಲ್ಕೆನ್‌ಬರ್ಗ್, ವೀರ್, ಲಿಪಿನ್‌ಕಾಟ್, ಬಂಟಿಂಗ್ ಅನ್ನುವ ನಾಲ್ವರು ಮಾಡಿದ್ದು. ವಜ್ರಕ್ಕೆ ದುಡ್ಡೆಲ್ಲಿ? ಕಳ್ಳಸಾಗಣೆಯವರಿಂದ ಸರ್ಕಾರ ಹಿಡಿದಿಟ್ಟ ವಜ್ರಗಳು ಅವರಿಗೆ ಪುಕ್ಕಟೆ ಸಿಕ್ಕವು. ಮುಂಬೈ ಏರ್‌ಪೋರ್ಟಿನ ಕಸ್ಟಮ್ಸ್‌ನವರಿಗೆ ಒಂದು ಅರ್ಜಿ ಹಾಕೋಣ ಅಂತ ನನಗೂ ಎಷ್ಟೋ ಸಲ ಅನಿಸಿದೆ.

ವಜ್ರದ ದೊಡ್ಡ ಗುಣ ಬರೀ ಗಡಸುತನ ಅಂದುಕೊಂಡಿದ್ದಾರೆ ಜನ. ಇಲ್ಲಿ ಅಷ್ಟೇ ಮುಖ್ಯವಾದದ್ದು ಅದು ಪಾರದರ್ಶಕ ಅನ್ನುವುದು. ಒತ್ತುತ್ತಿರುವಾಗಲೇ ಒಳಗೆ ನೋಡಬಹುದು. ಲೇಸರ್ ಬಿಡಬಹುದು, ಎಕ್ಸ್‌ರೇ ಹಾಯಿಸಬಹುದು. ಲೇಸರ್ ವಜ್ರವನ್ನು ದಾಟಿ ಹೋಗಿ ನಡುವಿನ ಕಲ್ಲನ್ನು ಕಾಯಿಸುತ್ತದೆ, ಕಲ್ಲಿನಲ್ಲಿರುವ ಕಬ್ಬಿಣ ಬೆಳಕನ್ನು ಹೀರುತ್ತದೆ. 2,000 ಡಿಗ್ರಿ ದಾಟಿದಾಗ ಸಣ್ಣ ಚುಕ್ಕೆ ಬೆಳ್ಳಗೆ ಉರಿಯುತ್ತದೆ. ಅದರ ಬೆಳಕಿನ ಬಣ್ಣಗಳನ್ನು ಬಿಡಿಸಿ ನೋಡಿ ಬಿಸಿ ಎಷ್ಟು ಅಂತ ಹೇಳುತ್ತೇವೆ. ಸುತ್ತ ಉಪ್ಪಿನ ಪದರ ಹಾಕಿರುತ್ತೇವೆ, ಬಿಸಿ ವಜ್ರಕ್ಕೆ ಓಡಿಹೋಗದಿರಲಿ ಅಂತ.

ಒತ್ತಡ ಅಳೆಯಲು ಪಕ್ಕದಲ್ಲಿ ಮಾಣಿಕ್ಯದ ಚೂರು. ಅದರ ಮೇಲೆ ಹಸಿರು ಲೇಸರ್ ಬಿಟ್ಟರೆ 694.2 ನ್ಯಾನೋಮೀಟರ್‌ನಲ್ಲಿ ಕೆಂಪಗೆ ಹೊಳೆಯುತ್ತದೆ. ಒತ್ತಿದರೆ ಆ ಗೆರೆ ಜರುಗುತ್ತದೆ, ಒಂದು ಗಿಗಾಪಾಸ್ಕಲಿಗೆ ಸುಮಾರು 0.36 ನ್ಯಾನೋಮೀಟರ್. 1972ರಲ್ಲಿ ಈ ಉಪಾಯ ಸಿಕ್ಕ ಮೇಲೆಯೇ ಸೆಲ್ ನಿಜಕ್ಕೂ ಉಪಯೋಗಕ್ಕೆ ಬಂದದ್ದು. ಎರಡೇ ವರ್ಷಕ್ಕೆ, 1974ರಲ್ಲಿ, ಲಿನ್-ಗುನ್ ಲಿಯು ಲೇಸರ್‌ನಲ್ಲಿ ಕಾಯಿಸಿ ಈಗ ಬ್ರಿಡ್ಜ್‌ಮನೈಟ್ ಎನ್ನುವ ಖನಿಜವನ್ನು ಮಾಡಿ ತೋರಿಸಿದರು. ಭೂಮಿಯ ಗಾತ್ರದಲ್ಲಿ ಸುಮಾರು 38 ಶೇಕಡಾ ಅದೇ. 2004ರಲ್ಲಿ ಜಪಾನಿನವರು 125 ಗಿಗಾಪಾಸ್ಕಲ್ ಹತ್ತಿರ ಅದೂ ಇನ್ನೊಂದು ರೂಪಕ್ಕೆ ಹೋಗುತ್ತದೆ ಎಂದು ಕಂಡುಕೊಂಡರು. ಮ್ಯಾಂಟಲ್‌ನ ತಳದಲ್ಲಿ ಭೂಕಂಪದ ಅಲೆಗಳು ವಿಚಿತ್ರವಾಗಿ ಆಡುವುದಕ್ಕೆ ಅಲ್ಲಿಯವರೆಗೆ ಯಾರ ಹತ್ತಿರವೂ ಸರಿಯಾದ ಉತ್ತರ ಇರಲಿಲ್ಲ.

ಸುಮ್ನೆ ಬಂದೆ, ಥಾಣೆ

ಎಲ್ಲ ಸರಿ. ಆದರೆ ಕಣ್ಣಿಗೇ ಕಾಣದ ಕಲ್ಲನ್ನು ಅರ್ಧ ಗಂಟೆ ಕಾಯಿಸಿ ಇಡೀ ಭೂಮಿ ಹೀಗೇ ಅನ್ನುವುದು ಸ್ವಲ್ಪ ಜಾಸ್ತಿ ಆಯಿತು ಅಲ್ವಾ? ಒಳಗೆ ಒತ್ತಡ 23 ಇದೆ ಅಂತ ಹೇಳಿದ್ದು ಯಾರು? ಮಾಣಿಕ್ಯ ಹೇಳಿತು. ಮಾಣಿಕ್ಯಕ್ಕೆ ಹೇಳಿಕೊಟ್ಟದ್ದು ಯಾರು?

ವಾಸ್ಕೋ ಮೇಷ್ಟ್ರು, ಗೋವಾ

ಒಳ್ಳೆ ಪ್ರಶ್ನೆ ತಮ್ಮಾ. ಕ್ಲಾಸಿನಲ್ಲಿ ಇಂಥವನು ಒಬ್ಬ ಇರಬೇಕು.

ಒತ್ತುಗಲ್ಲು, ಪುಣೆ

ಒಳ್ಳೆ ಪ್ರಶ್ನೆ ಮಾತ್ರ ಅಲ್ಲ ಮೇಷ್ಟ್ರೇ, ನನ್ನ ಕೇಳಿದರೆ ಈ ಕೆಲಸದ ದೊಡ್ಡ ತಲೆನೋವೇ ಇದು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಎಕ್ಸ್‌ರೇಯಲ್ಲಿ ನೋಡುವಾಗ ಕಲ್ಲಿನ ಜೊತೆ ಚೂರು ಚಿನ್ನವನ್ನೋ ಮೆಗ್ನೀಸಿಯಂ ಆಕ್ಸೈಡನ್ನೋ ಇಡುತ್ತೇವೆ. ಒತ್ತಡಕ್ಕೆ ಚಿನ್ನದ ಹರಳು ಎಷ್ಟು ಕುಗ್ಗಿತು ಎಂದು ಅಳೆದು, ಇಷ್ಟು ಕುಗ್ಗಿದರೆ ಇಷ್ಟು ಒತ್ತಡ ಎನ್ನುವ ಸಮೀಕರಣಕ್ಕೆ ಹಾಕುತ್ತೇವೆ. ಆ ಸಮೀಕರಣ ಬಂದದ್ದು ಬೇರೆ ಪ್ರಯೋಗಗಳಿಂದ. ಬಡಿತದ ಅಲೆ ಹಾಯಿಸಿ ಮಾಡಿದ ಪ್ರಯೋಗ, ಶಬ್ದದ ವೇಗ ಅಳೆದ ಪ್ರಯೋಗ, ಹೀಗೆ. ತಣ್ಣಗಿರುವಾಗ ಎಲ್ಲ ಸಮೀಕರಣಗಳೂ ಸುಮಾರಾಗಿ ಒಪ್ಪುತ್ತವೆ. 1,500 ಡಿಗ್ರಿಗೆ ಏರಿಸಿದರೆ ಚಿನ್ನ ಒಂದು ಹೇಳುತ್ತದೆ, ಮೆಗ್ನೀಸಿಯಂ ಆಕ್ಸೈಡ್ ಇನ್ನೊಂದು.

ಇದರಿಂದ ನಿಜವಾಗಿ ಗಲಾಟೆ ಆಗಿದೆ. 1998ರಲ್ಲಿ ಜಪಾನಿನ ಇರಿಫುನೆ ಮತ್ತು ಜೊತೆಗಾರರು ಪ್ರೆಸ್ ಅನ್ನು ಸಿಂಕ್ರೋಟ್ರಾನ್ ಎಂಬ ದೊಡ್ಡ ಯಂತ್ರದ ಪ್ರಖರ ಎಕ್ಸ್‌ರೇಗೆ ಜೋಡಿಸಿ, ರಿಂಗ್‌ವುಡೈಟ್ ಒಡೆಯುವುದನ್ನು ಆಗುತ್ತಿರುವಾಗಲೇ ನೋಡಿದರು. ಚಿನ್ನದ ಅಳತೆಯಲ್ಲಿ ಒತ್ತಡ ಸುಮಾರು 21 ಬಂತು. 660 ಕಿಲೋಮೀಟರಿಗೆ ಬೇಕಾದ್ದಕ್ಕಿಂತ 2 ಗಿಗಾಪಾಸ್ಕಲ್ ಕಡಿಮೆ. ಅಂದರೆ ಆ ಮೆಟ್ಟಿಲು ರಿಂಗ್‌ವುಡೈಟ್‌ದು ಅಲ್ಲವೇ ಅಲ್ಲವಾ? ಹಲವು ವರ್ಷ ಜಗಳ ನಡೆಯಿತು. ಚಿನ್ನದ ಸಮೀಕರಣವನ್ನು ತಿದ್ದಿದರು, ಬೇರೆ ಅಳತೆಗೋಲು ಇಟ್ಟು ನೋಡಿದರು. ಥರ್ಮೋಕಪಲ್ಲಿನ ಮೇಲೂ ಅನುಮಾನ ಬಂತು, ಯಾಕೆಂದರೆ ಅಷ್ಟು ಒತ್ತಡದಲ್ಲಿ ಆ ತಂತಿಯ ವೋಲ್ಟೇಜೇ ಬದಲಾಗುತ್ತದೆ. ಈಗ ಬಹುತೇಕರು 23ರ ಹತ್ತಿರ ನಿಂತಿದ್ದಾರೆ.

ಕಾಲದ ಪ್ರಶ್ನೆಗೆ ನಮ್ಮ ಹತ್ತಿರ ಒಂದು ಪರೀಕ್ಷೆ ಇದೆ. ಗಡಿಯನ್ನು ಎರಡೂ ಕಡೆಯಿಂದ ಮುಟ್ಟಬೇಕು. ಒಮ್ಮೆ ರಿಂಗ್‌ವುಡೈಟ್ ಹಾಕಿ ಅದು ಒಡೆಯುವುದನ್ನು ನೋಡು. ಇನ್ನೊಮ್ಮೆ ಬ್ರಿಡ್ಜ್‌ಮನೈಟ್, ಫೆರೋಪೆರಿಕ್ಲೇಸ್ ಹಾಕಿ ಅವು ಕೂಡಿ ರಿಂಗ್‌ವುಡೈಟ್ ಆಗುವುದನ್ನು ನೋಡು. ಎರಡೂ ಒಂದೇ ಜಾಗದಲ್ಲಿ ಆದರೆ ಒಪ್ಪಬಹುದು. ಒಂದೇ ಕಡೆಯಿಂದ ಮಾಡಿ ಪೇಪರ್ ಬರೆದವರನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ವಾಸ್ಕೋ ಮೇಷ್ಟ್ರು, ಗೋವಾ

2 ಗಿಗಾಪಾಸ್ಕಲ್ ಎಂದರೆ ಆಳದ ಲೆಕ್ಕದಲ್ಲಿ ಎಷ್ಟು ಎಂದು ಹಾಕಿ ನೋಡಿದೆ. ಅಲ್ಲಿ ಸಾಂದ್ರತೆ 4ರ ಹತ್ತಿರ, ಗುರುತ್ವ ಹೆಚ್ಚುಕಡಿಮೆ ಇಲ್ಲಿನಷ್ಟೇ. ಕಿಲೋಮೀಟರಿಗೆ 0.04 ಗಿಗಾಪಾಸ್ಕಲ್ ಏರುತ್ತದೆ. ಹಾಗಾದರೆ 50 ಕಿಲೋಮೀಟರ್ ವ್ಯತ್ಯಾಸ! ಭೂಕಂಪದವರು ಅಷ್ಟು ತಪ್ಪು ಒಪ್ಪುವುದಿಲ್ಲ. ಜಗಳ ಆದದ್ದರಲ್ಲಿ ಆಶ್ಚರ್ಯವಿಲ್ಲ.

ಸುಮ್ನೆ ಬಂದೆ, ಥಾಣೆ

ಸರಿ ಅಕ್ಕ, ಜಗಳ ಆಡಿದ್ದಾರೆ ಅಂದ ಮೇಲೆ ಸ್ವಲ್ಪ ನಂಬಿಕೆ ಬಂತು. ಆದರೂ, ನಿಜವಾಗಿ ಅಲ್ಲಿಂದ ಬಂದ ಕಲ್ಲು ಒಂದಾದರೂ ಯಾರ ಕೈಗಾದರೂ ಸಿಕ್ಕಿದೆಯಾ?

ಒತ್ತುಗಲ್ಲು, ಪುಣೆ

ಸಿಕ್ಕಿದೆ. ಎರಡು ದಾರಿಯಿಂದ.

ಒಂದು ಆಕಾಶದಿಂದ. 1879ರಲ್ಲಿ ಆಸ್ಟ್ರೇಲಿಯಾದ ಟೆನ್ಹ್ಯಾಮ್ ಹತ್ತಿರ ಉಲ್ಕೆ ಬಿತ್ತು. ಅದರ ತಾಯಿ ಕಲ್ಲು ಬಾಹ್ಯಾಕಾಶದಲ್ಲಿ ಇನ್ನೊಂದಕ್ಕೆ ಡಿಕ್ಕಿ ಹೊಡೆದಾಗ ಕ್ಷಣಮಾತ್ರ ಅಷ್ಟು ಒತ್ತಡ ಬಂದಿತ್ತು. 1969ರಲ್ಲಿ ಅದರಲ್ಲೇ ರಿಂಗ್‌ವುಡೈಟ್ ಸಿಕ್ಕಿತು, 2014ರಲ್ಲಿ ಬ್ರಿಡ್ಜ್‌ಮನೈಟ್ ಕೂಡ.

ಇನ್ನೊಂದು ದಾರಿ ನಮ್ಮ ಗುಮಾಸ್ತರ ಅಂಗಡಿಯದು. ಹೆಚ್ಚಿನ ವಜ್ರಗಳು 150, 200 ಕಿಲೋಮೀಟರ್ ಆಳದಲ್ಲಿ ಹುಟ್ಟಿದವು. ಅಪರೂಪಕ್ಕೆ ಕೆಲವು ತುಂಬಾ ಕೆಳಗಿನವು. ಬ್ರೆಜಿಲ್‌ನ ಜುಯಿನಾದಲ್ಲಿ ಸಿಕ್ಕ ಒಂದು ಕಂದು ವಜ್ರ, ಮಾರುಕಟ್ಟೆಯಲ್ಲಿ ಯಾರೂ ಕೇಳದಂಥದ್ದು. ಅದರೊಳಗೆ ಸಿಕ್ಕಿಕೊಂಡಿದ್ದ ಕಣ ರಿಂಗ್‌ವುಡೈಟ್ ಎಂದು ಗ್ರಹಾಂ ಪಿಯರ್ಸನ್ ತಂಡ 2014ರಲ್ಲಿ ತೋರಿಸಿತು. ಭೂಮಿಯೊಳಗಿನಿಂದ ಬಂದ ಮೊದಲ ರಿಂಗ್‌ವುಡೈಟ್ ಅದು.

ಅಂಧೇರಿಯವರೇ, ನಿಮ್ಮ ಮಹಾಸಾಗರ ಶುರುವಾಗುವುದು ಇಲ್ಲಿಂದ. ಆ ಕಣದಲ್ಲಿ ತೂಕದ ಲೆಕ್ಕದಲ್ಲಿ ಸುಮಾರು 1.5 ಶೇಕಡಾ ನೀರು ಇತ್ತು. ನೀರು ಎಂದರೆ ಹನಿ ಅಲ್ಲ. ಹೈಡ್ರೋಜನ್ ಪರಮಾಣುಗಳು ಹರಳಿನ ಆಕ್ಸಿಜನ್‌ಗೆ ಅಂಟಿಕೊಂಡು ಜೋಡಣೆಯೊಳಗೇ ಕೂತಿವೆ. ಲ್ಯಾಬಿನಲ್ಲಿ ಕ್ಯಾಪ್ಸೂಲಿಗೆ ನೀರು ಸೇರಿಸಿ ಬೆಳೆಸಿದರೆ ರಿಂಗ್‌ವುಡೈಟ್, ವಾಡ್ಸ್ಲಿಯೈಟ್ ಎರಡೂ 2 ಶೇಕಡಾ ದಾಟಿ ಹಿಡಿದುಕೊಳ್ಳುತ್ತವೆ ಅಂತ ಮೊದಲೇ ಗೊತ್ತಿತ್ತು. ಬ್ರಿಡ್ಜ್‌ಮನೈಟ್‌ಗೆ ಆ ತಾಕತ್ತು ಇಲ್ಲ. ಹಾಗಾಗಿ ನೀರು ತುಂಬಿದ ರಿಂಗ್‌ವುಡೈಟ್ 660ರ ಕೆಳಗೆ ಇಳಿದರೆ ನೀರು ಬಿಟ್ಟು ಸ್ವಲ್ಪ ಕರಗಬೇಕು. ಅದೇ ವರ್ಷ ಷ್ಮಾಂಟ್, ಜೇಕಬ್‌ಸೆನ್ ತಂಡ ಉತ್ತರ ಅಮೆರಿಕದ ಅಡಿಯಲ್ಲಿ ಅಂಥ ಕರಗುವಿಕೆಯ ಸುಳಿವು ಇದೆ ಅಂದಿತು. ಪತ್ರಿಕೆಗಳು 410ರಿಂದ 660ರವರೆಗಿನ ಇಡೀ ಪದರವನ್ನು ಆ ನೀರಿನಿಂದ ಗುಣಿಸಿ ಸಾಗರ ಮಾಡಿದವು.

ಇಡೀ ಪದರ ಹಾಗೆ ನೆಂದಿದೆಯಾ ಅನ್ನುವುದು ಬೇರೆ ಮಾತು. ನೀರಿದ್ದರೆ ಕಲ್ಲಿನಲ್ಲಿ ವಿದ್ಯುತ್ ಚೆನ್ನಾಗಿ ಹರಿಯುತ್ತದೆ, ಅದನ್ನು ಪ್ರೆಸ್‌ನಲ್ಲಿ ಅಳೆದು ಭೂಮಿಯ ಅಳತೆಗೆ ಹೋಲಿಸಬಹುದು. ಒಂದು ಲ್ಯಾಬ್ ಅಳೆದು ಒದ್ದೆ ಎಂದಿತು, ಇನ್ನೊಂದು ಲ್ಯಾಬ್ ಅಳೆದು ಒಣ ಎಂದಿತು. ಒಂದು ವಜ್ರದ ಒಂದು ಕಣ ಸಿಕ್ಕ ಜಾಗ ಒದ್ದೆ ಇತ್ತು, ಅಷ್ಟನ್ನು ಧೈರ್ಯವಾಗಿ ಹೇಳಬಹುದು. ಗ್ರೂಪಿನಲ್ಲಿ ಬಂದ ನೀಲಿ ಗುಹೆ ಮಾತ್ರ ಶುದ್ಧ ಬುರುಡೆ. ಅಷ್ಟು ಒತ್ತಡದಲ್ಲಿ ಗುಹೆ ನಿಲ್ಲುವುದೇ ಇಲ್ಲ.

ಅಂಧೇರಿ ಫಾಸ್ಟ್, ಮುಂಬೈ

ಇದನ್ನು ಹಾಗೇ ಗ್ರೂಪಿಗೆ ಹಾಕಿದೆ ಅಕ್ಕ. ಸೆಕ್ರೆಟರಿ ಒಂದು ಹೆಬ್ಬೆರಳು ಒತ್ತಿ ಸುಮ್ಮನಾದರು. ಮತ್ತೊಂದು, ನಮ್ಮ ಮನೆ ಹತ್ತಿರದ ಗಿಲ್ಬರ್ಟ್ ಹಿಲ್ ಕಲ್ಲು ಕೂಡ ಮ್ಯಾಂಟಲ್‌ದಾ?

ವಜ್ರದ ಗುಮಾಸ್ತ, ಬಾಂದ್ರಾ

ನನ್ನದು ಮೊದಲು. ಅಕ್ಕ, ಒಳಗೆ ಕಸ ಇರುವ ಕಂದು ಕಲ್ಲನ್ನು ನಾವು ಪಕ್ಕಕ್ಕೆ ತಳ್ಳಿ ಇಂಡಸ್ಟ್ರಿಗೆ ಕಳಿಸುತ್ತೇವೆ. ಡ್ರಿಲ್ಲಿನ ತುದಿಗೆ ಹೋಗುತ್ತದೆ. ಎಷ್ಟು ರಿಂಗ್‌ವುಡೈಟ್ ಹಾಗೆ ಹೋಗಿದೆಯೋ!

ಮತ್ತೆ ಲ್ಯಾಬ್ ವಜ್ರದಲ್ಲಿ ಎಚ್‌ಪಿಎಚ್‌ಟಿ, ಅಂದರೆ ಹೆಚ್ಚು ಒತ್ತಡ ಹೆಚ್ಚು ಬಿಸಿ, ಅಂತ ಒಂದು ಜಾತಿ ಬರುತ್ತದೆ. ಅದು ನಿಮ್ಮ ಇದೇ ಪ್ರೆಸ್ಸಾ?

ಒತ್ತುಗಲ್ಲು, ಪುಣೆ

ಅದೇ ಮನೆತನ. ಜನರಲ್ ಎಲೆಕ್ಟ್ರಿಕ್‌ನಲ್ಲಿ ಟ್ರೇಸಿ ಹಾಲ್ 1954ರ ಡಿಸೆಂಬರ್‌ನಲ್ಲಿ ಬೆಲ್ಟ್ ಪ್ರೆಸ್‌ನಿಂದ ವಜ್ರ ತೆಗೆದರು. 5, 6 ಗಿಗಾಪಾಸ್ಕಲ್, 1,400 ಡಿಗ್ರಿ ಆಸುಪಾಸು, ಜೊತೆಗೆ ಕರಗಿದ ಕಬ್ಬಿಣ ಅಥವಾ ನಿಕ್ಕೆಲ್. ಇಂಗಾಲ ಅದರಲ್ಲಿ ಕರಗಿ ವಜ್ರವಾಗಿ ಹೊರಬರುತ್ತದೆ. ಉಪಯೋಗ ಏನು ಅಂತ ಕೇಳುವವರಿಗೆ ಇದನ್ನು ತೋರಿಸಿ ಬಾಯಿ ಮುಚ್ಚಿಸುವುದು ರೂಢಿ. ನನಗೆ ಅದು ಅಷ್ಟು ಇಷ್ಟವಿಲ್ಲ. ಅಲ್ಲಿ 660ರ ಪ್ರಶ್ನೆಯೇ ಬರುವುದಿಲ್ಲ.

ಅಂಧೇರಿಯವರೇ, ಗಿಲ್ಬರ್ಟ್ ಹಿಲ್ ಬಸಾಲ್ಟ್. ಪುಣೆಯ ಸಿಂಹಗಡವೂ ಅಷ್ಟೇ, ಇಡೀ ದಖನ್ ಲಾವಾ ಅಷ್ಟೇ. 6.6 ಕೋಟಿ ವರ್ಷದ ಹಿಂದೆ ಮ್ಯಾಂಟಲ್ ಕರಗಿ ಬಂದದ್ದು, ಆದರೆ ಮ್ಯಾಂಟಲ್ ಕಲ್ಲೇ ಅಲ್ಲ. ಬರುವ ದಾರಿಯಲ್ಲಿ ಅರ್ಧ ಹರಳುಗಳನ್ನು ಬಿಟ್ಟು ಬಂದಿದೆ. ಎಷ್ಟು ಆಳದಲ್ಲಿ, ಎಷ್ಟು ಬಿಸಿಯಲ್ಲಿ ಕರಗಿದರೆ ಇಂಥ ಬಸಾಲ್ಟ್ ಬರುತ್ತದೆ ಎನ್ನುವುದನ್ನು ಪಿಸ್ಟನ್ ಸಿಲಿಂಡರ್ ಎಂಬ ಇನ್ನೂ ಸಣ್ಣ ಪ್ರೆಸ್‌ನಲ್ಲಿ ನೋಡುತ್ತಾರೆ, 3, 4 ಗಿಗಾಪಾಸ್ಕಲ್‌ವರೆಗೆ. 1960ರಲ್ಲಿ ಬಾಯ್ಡ್ ಮತ್ತು ಇಂಗ್ಲೆಂಡ್ ಮಾಡಿದ ವಿನ್ಯಾಸ ಈಗಲೂ ಹೆಚ್ಚುಕಡಿಮೆ ಹಾಗೇ ಇದೆ. ನಿಜವಾದ ಮ್ಯಾಂಟಲ್ ಕಲ್ಲಿನ ಹಸಿರು ತುಣುಕು ನೋಡಬೇಕೆಂದರೆ ಕಚ್ಛ್ ಕಡೆ ಹೋಗಬೇಕು, ಅಲ್ಲಿ ಲಾವಾ ಅದನ್ನು ಹೊತ್ತುಕೊಂಡು ಮೇಲೆ ತಂದಿದೆ.

ಹನ್ನೆರಡನೇ ಕ್ಲಾಸು, ಪಣಜಿ

ಅಕ್ಕ, ನಾನು ಸೈನ್ಸ್ ಓದುತ್ತಿದ್ದೇನೆ. ಅಪ್ಪ ಇಂಜಿನಿಯರಿಂಗ್ ಮಾಡು ಅನ್ನುತ್ತಾರೆ. ಇದನ್ನು ಓದಲು ಎಲ್ಲಿ ಹೋಗಬೇಕು? ನಮ್ಮ ದೇಶದಲ್ಲಿ ಮಾಡುತ್ತಾರಾ?

ಒತ್ತುಗಲ್ಲು, ಪುಣೆ

ಮಾಡುತ್ತಾರೆ ಪುಟ್ಟಾ. ಟ್ರಾಂಬೆಯ ಅಣು ಸಂಶೋಧನಾ ಕೇಂದ್ರ ಬಿಎಆರ್‌ಸಿಯಲ್ಲಿ ಡೈಮಂಡ್ ಸೆಲ್ ಕೆಲಸ ದಶಕಗಳಿಂದ ಇದೆ. ಇಂದೋರಿನ ಇಂಡಸ್-2 ಸಿಂಕ್ರೋಟ್ರಾನ್‌ನಲ್ಲಿ ಒತ್ತಡದಲ್ಲಿ ಎಕ್ಸ್‌ರೇ ತೆಗೆಯಲು ಬೀಮ್‌ಲೈನ್ ಇದೆ. ಜಿಯಾಲಜಿ ಅಥವಾ ಫಿಸಿಕ್ಸ್‌ನಲ್ಲಿ ಬಿಎಸ್ಸಿ ಮಾಡು, ಆಮೇಲೆ ಜಾಮ್ ಎಂಬ ಪ್ರವೇಶ ಪರೀಕ್ಷೆ ಬರೆದು ಐಐಟಿಯಲ್ಲಿ ಎಂಎಸ್ಸಿ. ಜಿಯಾಲಜಿ ಪುಣೆಯ ಫರ್ಗ್ಯುಸನ್‌ನಲ್ಲೂ ಇದೆ. ಫಿಸಿಕ್ಸ್ ಹಿಡಿದರೆ ಗಣಿತ ಬಿಡಬೇಡ. ಅಪ್ಪನಿಗೆ ಹೇಳು, ಈ ಕೆಲಸದಲ್ಲಿ ಅರ್ಧ ಇಂಜಿನಿಯರಿಂಗೇ. ಪ್ರೆಸ್ಸಿನ ಆಯಿಲ್ ಸೀಲ್ ಬದಲಾಯಿಸಲು ಬರದಿದ್ದರೆ ಪಿಎಚ್‌ಡಿ ಮುಗಿಯುವುದಿಲ್ಲ.

ಭೋಸರಿ ಟೂಲ್‌ರೂಮ್, ಪುಣೆ

ಅಕ್ಕಾವರೇ, ವಜ್ರದ ನಡುವಿನ ಆ ಗ್ಯಾಸ್ಕೆಟ್ ಬಗ್ಗೆ ಹೇಳಲೇ ಇಲ್ಲವಲ್ಲ ನೀವು. ಅದಕ್ಕೆ ತೂತು ಹೇಗೆ ಹೊಡೆಯುತ್ತೀರಿ?

ಒತ್ತುಗಲ್ಲು, ಪುಣೆ

ರೀನಿಯಂ ತಗಡು, ದಪ್ಪ 0.25 ಮಿಲಿಮೀಟರ್. ಮೊದಲು ಅದನ್ನು ಎರಡು ವಜ್ರದ ನಡುವೆ ಇಟ್ಟು ಒತ್ತಿ, ನಡುವೆ ಗುಳಿ ಮಾಡಿ 30 ಮೈಕ್ರಾನ್‌ಗೆ ಇಳಿಸುತ್ತೇವೆ. ಆ ಗುಳಿಯ ಸರೀ ಮಧ್ಯದಲ್ಲಿ ತೂತು. ತುದಿ 300 ಮೈಕ್ರಾನಿನ ವಜ್ರವಾದರೆ ತೂತು 100 ಮೈಕ್ರಾನ್. ಹೊಡೆಯುವುದು ವಿದ್ಯುತ್ ಕಿಡಿಯಿಂದ ಕೊರೆಯುವ ಸ್ಪಾರ್ಕ್ ಮೆಷಿನ್ ಅಥವಾ ಲೇಸರ್‌ನಿಂದ. ಸೆಂಟರ್ ತಪ್ಪಿದರೆ ಒತ್ತಿದಾಗ ತೂತು ಒಂದು ಕಡೆಗೆ ಜಾರುತ್ತದೆ, ಅಂಚಿಗೆ ಹೋಯಿತೆಂದರೆ ವಜ್ರಕ್ಕೇ ಕುತ್ತು. ಸದ್ಯ ನನ್ನ ಕೆಲಸ ನಿಂತಿರುವುದೂ ಇದರಿಂದಲೇ, ನಾವು ತೂತು ಹೊಡೆಸುತ್ತಿದ್ದ ಕಡೆ ಮೆಷಿನ್ ಕೆಟ್ಟಿದೆ.

ಭೋಸರಿ ಟೂಲ್‌ರೂಮ್, ಪುಣೆ

ಸ್ಪಾರ್ಕ್ ಮೆಷಿನ್ ನಮ್ಮಲ್ಲಿ ಇದೆ ರೀ. ಈ ತನಕ 0.3ರವರೆಗೆ ಹೊಡೆದಿದ್ದೇವೆ. 0.1ಕ್ಕೆ ತೆಳ್ಳನೆ ಟಂಗ್‌ಸ್ಟನ್ ಎಲೆಕ್ಟ್ರೋಡ್ ತರಿಸಬೇಕು, ಗ್ಯಾಪ್ ಲೆಕ್ಕ ಹಿಡಿದರೆ 0.08. ಸೆಂಟರ್ ಹಿಡಿಯಲು ಮೈಕ್ರೋಸ್ಕೋಪ್ ಕೂರಿಸುವ ಫಿಕ್ಸ್ಚರ್ ನಾನೇ ಮಾಡುತ್ತೇನೆ. ಡ್ರಾಯಿಂಗ್ ಕಳಿಸಿರಿ, ಟಾಲರೆನ್ಸ್ ಸರಿಯಾಗಿ ಬರೆದು. ಮೊದಲು ಸ್ಟೀಲ್ ತಗಡಿನಲ್ಲಿ ಹೊಡೆದು ತೋರಿಸುತ್ತೇನೆ. ರೀನಿಯಂ ರೇಟು ಈಗಷ್ಟೇ ಕೇಳಿದೆ, ಅದಕ್ಕೆ ಕೈ ಹಚ್ಚುವ ಮುಂಚೆ ನಮ್ಮ ಮಾಲಕರಿಗೆ ಒಂದು ಮಾತು ಹೇಳಬೇಕು.